ತೂಕವೋ, ಉಪಯೋಗವೋ: ಹಳದಿ ಬೋರ್ಡಿನ ಚಾಲಕನ ಪರವಾನಗಿ ಕುರಿತು ಒಂದು ಟಿಪ್ಪಣಿ

2024ರ ನವೆಂಬರ್ 6ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ರಂಭಾ ದೇವಿ ಪ್ರಕರಣದ ತೀರ್ಪು ಕೊಟ್ಟಿತು. ಲಘು ಮೋಟಾರು ವಾಹನದ ಡಿಎಲ್, ಅಂದರೆ ಆರ್‌ಟಿಒ ಮಾತಿನಲ್ಲಿ ಎಲ್‌ಎಂವಿ, ಇದ್ದವರು ಒಟ್ಟು ತೂಕ 7,500 ಕಿಲೋ ಮೀರದ ಸಾರಿಗೆ ವಾಹನವನ್ನೂ ಓಡಿಸಬಹುದು, ಅದಕ್ಕೆ ಬೇರೆ ಟ್ರಾನ್ಸ್‌ಪೋರ್ಟ್ ಅನುಮತಿ ಬೇಕಿಲ್ಲ ಎಂಬುದು ಅದರ ಸಾರ. ಇ-ರಿಕ್ಷಾ, ಇ-ಕಾರ್ಟ್ ಮತ್ತು ಅಪಾಯಕಾರಿ ಸರಕಿನ ವಾಹನಗಳಿಗೆ ಮಾತ್ರ ಈ ಮಾತು ಅನ್ವಯಿಸದು. ಮುಖ್ಯ ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ಅವರ ಪೀಠದ ಪರವಾಗಿ ತೀರ್ಪು ಬರೆದವರು ನ್ಯಾಯಮೂರ್ತಿ ಹೃಷಿಕೇಶ್ ರಾಯ್. ಟ್ಯಾಕ್ಸಿ ಸ್ಟ್ಯಾಂಡುಗಳಲ್ಲಿ ಇದು ‘ಇನ್ನು ಬ್ಯಾಡ್ಜ್ ಬೇಡವಂತೆ’ ಎಂಬ ರೂಪದಲ್ಲಿ ಹರಡಿತು. ಅದು ಅಷ್ಟು ಸರಿಯಲ್ಲ. ಬ್ಯಾಡ್ಜು ಮತ್ತು ಖಾಕಿ ಸಮವಸ್ತ್ರ ರಾಜ್ಯಗಳ ನಿಯಮಕ್ಕೆ ಸೇರಿದ ಸಂಗತಿ, ಕೋರ್ಟಿನ ಮುಂದಿದ್ದದ್ದು ಕೇಂದ್ರ ಕಾಯ್ದೆಯ 10ನೇ ಕಲಮಿನ ವರ್ಗೀಕರಣ.

ವೃತ್ತಿ ಪರವಾನಗಿಯ ಚರ್ಚೆ ನಮ್ಮಲ್ಲಿ ವೈದ್ಯರು, ವಕೀಲರು, ಲೆಕ್ಕಪರಿಶೋಧಕರ ಸುತ್ತಲೇ ನಡೆಯುತ್ತದೆ. ಸರ್ಕಾರವೇ ಪರೀಕ್ಷೆ ಮಾಡಿ ಕೊಟ್ಟ ಕಾರ್ಡಿಲ್ಲದೆ ಅನ್ನ ಹುಟ್ಟದ ಚಾಲಕರನ್ನು ಆ ಸಾಲಿಗೆ ಸೇರಿಸುವವರು ಕಡಿಮೆ. ಆದರೆ ವೃತ್ತಿಯೊಂದಕ್ಕೆ ಪರವಾನಗಿ ಯಾಕೆ ಬೇಕು, ಅದು ಯಾವುದಕ್ಕೆ ಸಾಕ್ಷಿ ಎಂಬ ಪ್ರಶ್ನೆಗೆ ಈ ಡಿಎಲ್ ಇತಿಹಾಸದಷ್ಟು ಸ್ಪಷ್ಟವಾದ ಸಾಮಗ್ರಿ ಬೇರೆ ಕಡೆ ಸಿಗುವುದು ಕಷ್ಟ. 2024ರ ತೀರ್ಪು ಕಾಯ್ದೆಯ ಓದಾಗಿ ಸರಿಯಾಗಿದೆ ಎಂದೇ ನನ್ನ ಅಭಿಪ್ರಾಯ. ಹಳೆಯ ವರ್ಗೀಕರಣ, ಒಡ್ಡೊಡ್ಡಾಗಿಯಾದರೂ, ಕಾಯುತ್ತಿದ್ದ ಒಂದು ಸಂಗತಿ ಮಾತ್ರ ಈಗ ಯಾರ ಸುಪರ್ದಿಯಲ್ಲೂ ಉಳಿದಿಲ್ಲ. ಈ ಟಿಪ್ಪಣಿ ಅದನ್ನು ಗುರುತಿಸುವ ಪ್ರಯತ್ನ.

1939ರ ಮೋಟಾರು ವಾಹನ ಕಾಯ್ದೆಯಿಂದ ಶುರುಮಾಡಬೇಕು. ಅದರ 3ನೇ ಕಲಂ ಎರಡು ಮಾತು ಹೇಳುತ್ತಿತ್ತು. ಪರವಾನಗಿಯಿಲ್ಲದೆ ಯಾರೂ ವಾಹನ ಓಡಿಸಕೂಡದು ಎಂಬುದು ಮೊದಲನೆಯದು. ಸಂಬಳದ ನೌಕರನಾಗಿ ವಾಹನ ಓಡಿಸುವವನು ಮತ್ತು ಸಾರಿಗೆ ವಾಹನ ಓಡಿಸುವವನು ತನ್ನ ಪರವಾನಗಿಯಲ್ಲಿ ಅದಕ್ಕೆಂದೇ ಅನುಮತಿ ಪಡೆದಿರಬೇಕು ಎಂಬುದು ಎರಡನೆಯದು. ಈ ಎರಡನೆಯ ಮಾತಿನಲ್ಲಿ ವಾಹನದ ಗಾತ್ರದ ಸುದ್ದಿಯೇ ಇಲ್ಲ. ಯಜಮಾನ ತನ್ನ ಕಾರನ್ನು ತಾನೇ ಓಡಿಸಿದರೆ ಸಾಮಾನ್ಯ ಪರವಾನಗಿ ಸಾಕು; ಅದೇ ಕಾರಿನ ಅದೇ ಸ್ಟೀರಿಂಗ್ ಹಿಂದೆ ಸಂಬಳದ ಡ್ರೈವರ್ ಕೂತರೆ ಪರವಾನಗಿಯಲ್ಲಿ ಇನ್ನೊಂದು ಸಾಲು ಬೇಕು. ವರ್ಗದ ಅಹಂಕಾರ ಇದರಲ್ಲಿ ಇಲ್ಲವೆನ್ನಲಾರೆ. ಆದರೂ ಇದು ನಿಖರ ಅರ್ಥದಲ್ಲಿ ವೃತ್ತಿ ಪರವಾನಗಿ. ಚಾಲನೆಯ ಕೌಶಲಕ್ಕೆ ಒಂದು ಪತ್ರ, ಚಾಲನೆಯನ್ನು ಉದ್ಯೋಗವಾಗಿ ಮಾಡುವುದಕ್ಕೆ ಇನ್ನೊಂದು.

1988ರ ಕಾಯ್ದೆ, ಜಾರಿಗೆ ಬಂದದ್ದು 1989ರ ಜುಲೈ 1ರಂದು, ಸಂಬಳದ ನೌಕರನ ಮಾತನ್ನು ಕೈಬಿಟ್ಟಿತು. ಸಾರಿಗೆ ವಾಹನದ ಮಾತು ಮಾತ್ರ ಉಳಿಯಿತು. ಸಾರಿಗೆ ವಾಹನ ಎಂದರೆ ಪ್ರಯಾಣಿಕರನ್ನು ಬಾಡಿಗೆಗೆ ಒಯ್ಯುವ ವಾಹನ, ಸರಕು ವಾಹನ, ಶಿಕ್ಷಣ ಸಂಸ್ಥೆಯ ಬಸ್ಸು, ಖಾಸಗಿ ಸೇವಾ ವಾಹನ. ಇದು ಉಪಯೋಗದ ಮೇಲೆ ನಿಂತ ವ್ಯಾಖ್ಯೆ. ಅದೇ ಕಾಯ್ದೆಯ 2ನೇ ಕಲಮಿನಲ್ಲಿ ಲಘು ಮೋಟಾರು ವಾಹನಕ್ಕೆ ಕೊಟ್ಟ ವ್ಯಾಖ್ಯೆ ತೂಕದ ಮೇಲೆ ನಿಂತಿದೆ. ಸಾರಿಗೆ ವಾಹನ ಅಥವಾ ಓಮ್ನಿಬಸ್ ಆದರೆ ಒಟ್ಟು ತೂಕ, ಕಾರು, ಟ್ರ್ಯಾಕ್ಟರ್, ರೋಡ್ ರೋಲರ್ ಆದರೆ ಖಾಲಿ ತೂಕ, ಮಿತಿಯೊಳಗಿರಬೇಕು. ಮಿತಿ ಮೊದಲು 6,000 ಕಿಲೋ ಇತ್ತು, 1994ರ ತಿದ್ದುಪಡಿಯಲ್ಲಿ 7,500 ಆಯಿತು. ಅಂದರೆ ‘ಲಘು’ ಎಂಬ ವರ್ಗದೊಳಗೇ ಸಾರಿಗೆ ವಾಹನವೂ ಸೇರಿದೆ ಎಂದು ಕಾಯ್ದೆ ತನ್ನ ಬಾಯಲ್ಲೇ ಹೇಳುತ್ತದೆ. ಮುಂದೆ ಮೂವತ್ತು ವರ್ಷ ನಡೆದ ವ್ಯಾಜ್ಯಕ್ಕೆ ಉತ್ತರ ಈ ಒಂದು ಸಾಲಿನಲ್ಲೇ ಇತ್ತು.

ಗೊಂದಲ ಹುಟ್ಟಿದ್ದು ಆ 1994ರ ತಿದ್ದುಪಡಿಯಲ್ಲೇ. ಅಲ್ಲಿಯವರೆಗೆ 10ನೇ ಕಲಮಿನ ಪಟ್ಟಿಯಲ್ಲಿ ಲಘು ಮೋಟಾರು ವಾಹನದ ಕೆಳಗೆ ಮಧ್ಯಮ ಸರಕು ವಾಹನ, ಮಧ್ಯಮ ಪ್ರಯಾಣಿಕ ವಾಹನ, ಭಾರೀ ಸರಕು ವಾಹನ, ಭಾರೀ ಪ್ರಯಾಣಿಕ ವಾಹನ ಎಂದು ನಾಲ್ಕು ಬಾಬುಗಳಿದ್ದವು. ಲಘು ಸರಕು ವಾಹನ ಎಂಬ ಬಾಬು ಇರಲಿಲ್ಲ, ಏಕೆಂದರೆ ಅದು ಎಲ್‌ಎಂವಿಯಲ್ಲೇ ಸೇರಿತ್ತು. ತಿದ್ದುಪಡಿ ಆ ನಾಲ್ಕನ್ನೂ ಅಳಿಸಿ ‘ಸಾರಿಗೆ ವಾಹನ’ ಎಂಬ ಒಂದೇ ಬಾಬು ಬರೆಯಿತು. ಉದ್ದೇಶ ಸರಳೀಕರಣ. ಆದರೆ ತೂಕದ ಪಟ್ಟಿಯ ಮಧ್ಯದಲ್ಲಿ ಉಪಯೋಗದ ಬಾಬೊಂದು ಬಂದು ಕುಳಿತಿತು. ಅಳಿಸಿದ್ದು ಮಧ್ಯಮ ಮತ್ತು ಭಾರೀ ವಾಹನಗಳನ್ನು. ಹಾಗಾಗಿ ಹೊಸ ಬಾಬು ಅವಕ್ಕೆ ಮಾತ್ರವೋ, ಬಾಡಿಗೆಯ ಆಟೊದಿಂದ ಹಿಡಿದು ಹದಿನಾರು ಚಕ್ರದ ಲಾರಿಯವರೆಗೆ ಎಲ್ಲಕ್ಕೂ ಅನ್ವಯವೋ? ಅರ್ಜಿಯ ನಮೂನೆಗಳನ್ನು ಇದಕ್ಕೆ ತಕ್ಕಂತೆ ತಿದ್ದಿದ್ದು 2001ರ ಮಾರ್ಚ್ 28ರಂದು. ಆರು ವರ್ಷ ಕಾಯ್ದೆ ಒಂದು ಹೇಳುತ್ತಿತ್ತು, ಕೌಂಟರಿನಲ್ಲಿ ಸಿಗುತ್ತಿದ್ದ ಕಾಗದ ಇನ್ನೊಂದು.

ಕಚೇರಿಗಳು ಈ ಗೊಂದಲವನ್ನು ತಮ್ಮದೇ ರೀತಿಯಲ್ಲಿ ಬಗೆಹರಿಸಿಕೊಂಡವು. ಹಳೆಯ ಸ್ಮಾರ್ಟ್ ಕಾರ್ಡ್ ಡಿಎಲ್ ಒಂದನ್ನು ತೆಗೆದು ನೋಡಿದರೆ ವಾಹನ ವರ್ಗದ ಜಾಗದಲ್ಲಿ ‘ಎಲ್‌ಎಂವಿ-ಎನ್‌ಟಿ’ ಎಂದು ಅಚ್ಚಾಗಿರುವುದು ಕಾಣುತ್ತದೆ. ಎನ್‌ಟಿ ಎಂದರೆ ನಾನ್-ಟ್ರಾನ್ಸ್‌ಪೋರ್ಟ್. ಅವಧಿಯ ಕಾಲಂ ಕೂಡ ಎರಡು, ಎನ್‌ಟಿಗೆ ಒಂದು ದಿನಾಂಕ, ಟಿಆರ್‌ಗೆ ಇನ್ನೊಂದು. ಹತ್ತನೇ ಕಲಮಿನ ಪಟ್ಟಿಯಲ್ಲಿ ಎಲ್‌ಎಂವಿ-ಎನ್‌ಟಿ ಎಂಬ ವರ್ಗವೇ ಇಲ್ಲ. ಸಂಸತ್ತು ಬರೆಯದ ವರ್ಗವೊಂದನ್ನು ಆಡಳಿತ ಅಚ್ಚುಹಾಕಿ ಜನರ ಜೇಬಿಗೆ ಕೊಟ್ಟಿತು. ವಿಮೆ ಕಂಪನಿಗಳ ವಕೀಲರು ಆ ಎರಡು ಅಕ್ಷರಗಳನ್ನು ಚೆನ್ನಾಗಿಯೇ ಬಳಸಿಕೊಂಡರು.

ಪ್ರಶ್ನೆ ಎದ್ದದ್ದು ಪರೀಕ್ಷಾ ಮೈದಾನದಲ್ಲೂ ಅಲ್ಲ, ರಸ್ತೆ ಸುರಕ್ಷತೆಯ ಸಮಿತಿಯಲ್ಲೂ ಅಲ್ಲ, ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗಳಲ್ಲಿ. ಕಾಯ್ದೆಯ ಹಳೆಯ 149ನೇ ಕಲಂ ವಿಮೆ ಕಂಪನಿಗೆ ಕೆಲವೇ ತಕರಾರುಗಳನ್ನು ಬಿಟ್ಟುಕೊಟ್ಟಿತ್ತು, ಅದರಲ್ಲಿ ಒಂದು ಚಾಲಕನಿಗೆ ಸರಿಯಾದ ಪರವಾನಗಿ ಇರಲಿಲ್ಲ ಎಂಬುದು. ಬೇರೆ ಬಾಗಿಲುಗಳೆಲ್ಲ ಮುಚ್ಚಿರುವಾಗ ತೆರೆದ ಈ ಕಿಂಡಿಯಲ್ಲಿ ಎಲ್ಲರೂ ನುಗ್ಗುವುದು ಸಹಜ. ಅಪಘಾತಕ್ಕೂ ಪರವಾನಗಿಯ ವರ್ಗಕ್ಕೂ ಸಂಬಂಧವಿರಲಿ ಬಿಡಲಿ, ತಕರಾರು ಬಂದೇ ಬರುತ್ತಿತ್ತು. 2004ರ ಜನವರಿಯಲ್ಲಿ ಸ್ವರಣ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ಇದಕ್ಕೆ ಕಡಿವಾಣ ಹಾಕಿತು. ಷರತ್ತು ಮುರಿದದ್ದನ್ನೂ, ಅದರಲ್ಲಿ ಮಾಲೀಕನ ತಪ್ಪಿರುವುದನ್ನೂ, ಆ ಕೊರತೆಯೇ ಅಪಘಾತಕ್ಕೆ ಮೂಲವಾದದ್ದನ್ನೂ ಕಂಪನಿಯೇ ರುಜುವಾತು ಮಾಡಬೇಕು. ಮಾಡಿದರೂ ಸಂತ್ರಸ್ತರಿಗೆ ಮೊದಲು ಹಣ ಕೊಟ್ಟು ಆಮೇಲೆ ಮಾಲೀಕನಿಂದ ವಸೂಲು ಮಾಡಿಕೊಳ್ಳುವಂತೆ ನ್ಯಾಯಮಂಡಳಿ ಆದೇಶಿಸಬಹುದು ಎಂದಿತು.

ಕೊಟ್ಟು ವಸೂಲು ಮಾಡುವ ಈ ಪದ್ಧತಿ ಬಂದ ಮೇಲೆ ವ್ಯಾಜ್ಯದ ಅರ್ಥ ಬದಲಾಯಿತು. ಇದನ್ನು ಸಾಕಷ್ಟು ಗಮನಿಸಿಲ್ಲ ಎನಿಸುತ್ತದೆ. ಸತ್ತವರ ಮನೆಯವರಿಗೆ ಹಣ ಬರುವುದಾದರೆ, ಎಲ್‌ಎಂವಿಯೋ ಟ್ರಾನ್ಸ್‌ಪೋರ್ಟೋ ಎಂಬ ಜಗಳ ಕಂಪನಿಗೂ ಮಾಲೀಕನಿಗೂ ನಡುವಿನದು. ದೊಡ್ಡ ಟ್ರಾನ್ಸ್‌ಪೋರ್ಟ್ ಕಂಪನಿಗಳು ಕಾಗದ ಸರಿಯಾಗಿ ಇಟ್ಟುಕೊಂಡಿರುತ್ತವೆ. ಸಿಕ್ಕಿಬೀಳುವುದು ಒಂದೇ ಗಾಡಿಯ ಮಾಲೀಕ. ಸಾಲದಲ್ಲಿ ತೆಗೆದ ಗೂಡ್ಸ್ ಆಟೊವನ್ನು ಒಂದು ದಿನ ತಮ್ಮನ ಕೈಗೆ ಕೊಟ್ಟವನು. ಪ್ರೀಮಿಯಂ ಕಟ್ಟಿಯೂ ಲಕ್ಷಾಂತರ ರೂಪಾಯಿಯ ವಸೂಲಾತಿ ನೋಟಿಸು ಅವನ ಮನೆಗೆ ಬರುತ್ತದೆ. ತಮ್ಮನಿಗೆ ಗಾಡಿ ಓಡಿಸಲು ಬರುತ್ತಿತ್ತೇ ಎಂದು ಈ ಇಡೀ ಪ್ರಕ್ರಿಯೆಯಲ್ಲಿ ಯಾರೂ ಕೇಳಿರುವುದಿಲ್ಲ.

ಕರ್ನಾಟಕದಿಂದ ದೆಹಲಿಗೆ ಹೋದ ಎರಡು ಮೇಲ್ಮನವಿಗಳು ಈ ಚರ್ಚೆಯ ಮೈಲಿಗಲ್ಲುಗಳು. 2001ರದ್ದು ಟ್ರ್ಯಾಕ್ಟರಿನದು. ಚಾಲಕನ ಬಳಿ ಟ್ರ್ಯಾಕ್ಟರ್ ಓಡಿಸುವ ಪರವಾನಗಿ ಇತ್ತು, ಹಿಂದೆ ಸರಕಿನ ಟ್ರೇಲರ್ ಕಟ್ಟಿತ್ತು. ಟ್ರೇಲರ್ ಸೇರಿದೊಡನೆ ಅದು ಸಾರಿಗೆ ವಾಹನವಾಯಿತು, ಪರವಾನಗಿ ಬಿದ್ದುಹೋಯಿತು ಎಂದು ಕಂಪನಿ ವಾದಿಸಿತು. ಟ್ರೇಲರ್ ಕಟ್ಟಿದ ಮಾತ್ರಕ್ಕೆ ಟ್ರ್ಯಾಕ್ಟರಿನ ಪರವಾನಗಿ ಕೆಲಸಕ್ಕೆ ಬಾರದ್ದಾಗುವುದಿಲ್ಲ ಎಂದು ಕೋರ್ಟ್ ಹೇಳಿತು. ಮಂಡ್ಯ, ಬಾಗಲಕೋಟೆ, ಬೆಳಗಾವಿ ಕಡೆ ಕಬ್ಬು ಕಡಿಯುವ ಕಾಲದಲ್ಲಿ ರಸ್ತೆಗಿಳಿದವರಿಗೆ ಈ ತೀರ್ಪಿನ ಎರಡೂ ಮುಖ ಗೊತ್ತಿರುತ್ತದೆ. ಮತ್ತೊಂದು ರೀತಿಯ ತೀರ್ಪು ಬಂದಿದ್ದರೆ ರೈತನೊಬ್ಬನಿಗೂ ಕಾರ್ಖಾನೆಗೆ ಕಬ್ಬು ಸಾಗಿಸಲಾಗುತ್ತಿರಲಿಲ್ಲ. ಆದರೆ ಕತ್ತಲಲ್ಲಿ ಹಿಂದೀಪವಿಲ್ಲದೆ, ಎರಡೆರಡು ಟ್ರೇಲರ್ ಎಳೆಯುತ್ತ, ರಸ್ತೆಯ ಅಗಲ ಮೀರಿ ಕಬ್ಬು ಚಾಚಿಕೊಂಡು ಹೋಗುವ ಆ ಗಾಡಿಗೂ ಹೊಲ ಉಳುವ ಟ್ರ್ಯಾಕ್ಟರಿಗೂ ಪರೀಕ್ಷೆ ಒಂದೇ. 2008ರ ಇನ್ನೊಂದು ಪ್ರಕರಣ ಮೆಟಡಾರ್ ವ್ಯಾನಿನದು, ಅಪಘಾತ ನಡೆದದ್ದು 1999ರಲ್ಲಿ. 2001ರ ನಮೂನೆ ಬದಲಾಗುವ ಮುಂಚೆ ಎಲ್‌ಎಂವಿ ಎಂಬುದು ಲಘು ಪ್ರಯಾಣಿಕ ವಾಹನವನ್ನೂ ಲಘು ಸರಕು ವಾಹನವನ್ನೂ ಒಳಗೊಂಡಿತ್ತು, ಹಾಗಾಗಿ ಕಂಪನಿಯೇ ಹೊಣೆ ಎಂದು ತೀರ್ಮಾನವಾಯಿತು. ಅಂದರೆ ಒಬ್ಬನೇ ಚಾಲಕ, ಒಂದೇ ಗಾಡಿ. ನಮೂನೆ ಬದಲಾದ ದಿನಾಂಕದ ಆಚೆ ಈಚೆ ಆತ ಅರ್ಹ ಮತ್ತು ಅನರ್ಹ. ಪರವಾನಗಿಯನ್ನು ಕೌಶಲದ ಪ್ರಮಾಣವೆಂದು ನಂಬುವವರಿಗೆ ಇದು ಕಸಿವಿಸಿಯ ಸಂಗತಿಯಾಗಬೇಕು.

2017ರ ಜುಲೈ 3ರಂದು ಮುಕುಂದ್ ದೇವಾಂಗನ್ ಪ್ರಕರಣದಲ್ಲಿ ಮೂವರ ಪೀಠ ಎಲ್‌ಎಂವಿ ಸಾಕು ಎಂದಿತು. 2018ರ ಏಪ್ರಿಲ್‌ನಲ್ಲಿ ಕೇಂದ್ರ ಸಾರಿಗೆ ಸಚಿವಾಲಯವೂ ಅದನ್ನೊಪ್ಪಿ ರಾಜ್ಯಗಳಿಗೆ ಬರೆಯಿತು. ಆದರೂ ವಿಮೆ ಕಂಪನಿಗಳು ಪಟ್ಟು ಬಿಡಲಿಲ್ಲ. ಕಾಯ್ದೆಯ ಕೆಲವು ಕಲಮುಗಳನ್ನು 2017ರ ಪೀಠ ಗಮನಿಸಿಲ್ಲ ಎಂಬ ಅವರ ವಾದದಲ್ಲಿ ಹುರುಳಿತ್ತು. 2022ರ ಮಾರ್ಚ್‌ನಲ್ಲಿ ವಿಷಯ ದೊಡ್ಡ ಪೀಠಕ್ಕೆ ಹೋಯಿತು. ಸಂವಿಧಾನ ಪೀಠ ಆ ಲೋಪವನ್ನು ಗುರುತಿಸಿದರೂ ತೀರ್ಮಾನವನ್ನು ಎತ್ತಿಹಿಡಿಯಿತು. ಕಾಯ್ದೆಯಲ್ಲಿ ಸಾರಿಗೆ ವಾಹನದ ಚಾಲಕನಿಗೆ ಸಾಮಾನ್ಯವಾಗಿ ವಿಧಿಸಿರುವ ಹೆಚ್ಚಿನ ಅರ್ಹತೆಗಳು 7,500 ಕಿಲೋ ಮೀರಿದ ವಾಹನಗಳಿಗಷ್ಟೇ ಎಂದು ಅದು ಹೇಳಿತು. ಮೂಲಭೂತ ಚಾಲನಾ ಕೌಶಲ ಎಲ್ಲ ಚಾಲಕರಿಗೂ ಒಂದೇ, ಎಲ್‌ಎಂವಿ ಪರವಾನಗಿಯವರು ಸಾರಿಗೆ ವಾಹನ ಓಡಿಸಿದ್ದರಿಂದ ಅಪಘಾತ ಹೆಚ್ಚಿದೆ ಎಂಬುದಕ್ಕೆ ಅಂಕಿಅಂಶ ಯಾರೂ ಮುಂದಿಟ್ಟಿಲ್ಲ ಎಂಬುದನ್ನೂ ದಾಖಲಿಸಿತು. ಚಾಲಕರ ಜೀವನೋಪಾಯದ ಪ್ರಶ್ನೆಯೂ ಅದರ ಮನಸ್ಸಿನಲ್ಲಿತ್ತು.

ಅಂಕಿಅಂಶ ಇಲ್ಲದಿರುವುದಕ್ಕೆ ಕಾರಣವಿದೆ. ಸಾರಿಗೆ ಸಚಿವಾಲಯದ ವಾರ್ಷಿಕ ಅಪಘಾತ ವರದಿ ಚಾಲಕರನ್ನು ಪರವಾನಗಿ ಇದ್ದವರು, ಕಲಿಯುವವರ ಪರವಾನಗಿ ಅಂದರೆ ಎಲ್‌ಎಲ್‌ಆರ್ ಇದ್ದವರು, ಇಲ್ಲದವರು ಎಂದು ವಿಂಗಡಿಸುತ್ತದೆ. ಯಾವ ವರ್ಗದ ಪರವಾನಗಿ, ಆಗ ಓಡಿಸುತ್ತಿದ್ದ ವಾಹನಕ್ಕೆ ಅದು ಹೊಂದುತ್ತಿತ್ತೇ ಎಂದು ಹೇಳುವುದಿಲ್ಲ. 2022ರಲ್ಲಿ ದೇಶದಲ್ಲಿ 4,61,312 ಅಪಘಾತಗಳು, 1,68,491 ಸಾವುಗಳು ದಾಖಲಾದವು. ಇಷ್ಟು ಸಾವುಗಳ ಲೆಕ್ಕವಿಡುವ ಆಡಳಿತ ತಾನೇ ಕೊಡುವ ಪರವಾನಗಿಯಿಂದ ಏನಾದರೂ ಉಪಯೋಗವಿದೆಯೇ ಎಂದು ಅಳೆಯುವ ಕಾಲಂ ಇಟ್ಟಿಲ್ಲ. ಪುರಾವೆ ಇಲ್ಲ ಎಂಬುದು ನಿಜ, ಯಾರೂ ಹುಡುಕಿಲ್ಲ ಎಂಬುದೂ ನಿಜ.

ಈಗ ಆ ಹೆಚ್ಚಿನ ಅರ್ಹತೆಗಳೇನಿದ್ದವು ನೋಡೋಣ. ಹದಿನೆಂಟರ ಬದಲು ಇಪ್ಪತ್ತು ವಯಸ್ಸು. ಸಾರಿಗೆ ವಾಹನದ ಎಲ್‌ಎಲ್‌ಆರ್‌ಗೆ ಮುಂಚೆ ಕನಿಷ್ಠ ಒಂದು ವರ್ಷದ ಎಲ್‌ಎಂವಿ ಪರವಾನಗಿ. ವೈದ್ಯರ ಪ್ರಮಾಣಪತ್ರ. ಮೊದಲು ಮೂರು ವರ್ಷಕ್ಕೊಮ್ಮೆ, 2019ರ ತಿದ್ದುಪಡಿಯ ನಂತರ ಐದು ವರ್ಷಕ್ಕೊಮ್ಮೆ ನವೀಕರಣ. 2007ರಿಂದ ಎಂಟನೇ ತರಗತಿ ಪಾಸಾಗಿರಬೇಕೆಂಬ ಷರತ್ತೂ ಇತ್ತು, ಅದರ ಕಥೆ ಬೇರೆಯೇ ಇದೆ. 2019ರ ಬೇಸಿಗೆಯಲ್ಲಿ ರಾಜಸ್ಥಾನ ಹೈಕೋರ್ಟ್ ಓದಲು ಬರೆಯಲು ಬಾರದವರಿಗೆ ಪರವಾನಗಿಯೇ ಕೂಡದು ಎಂದಿತು. ಕೆಲವೇ ವಾರಗಳಲ್ಲಿ ಕೇಂದ್ರ ಸಚಿವಾಲಯ ಎಂಟನೇ ತರಗತಿಯ ಷರತ್ತನ್ನು ತೆಗೆಯುವುದಾಗಿ ಪ್ರಕಟಿಸಿತು. ಹರಿಯಾಣದ ಮೇವಾತ್ ಸೀಮೆಯ ಬಡವರು ಚಾಲನೆಯನ್ನೇ ನಂಬಿದ್ದಾರೆ, ಅಲ್ಲಿ ಕೌಶಲವಿದೆ, ಮಾರ್ಕ್ಸ್ ಕಾರ್ಡಿಲ್ಲ ಎಂದು ಆ ರಾಜ್ಯ ಕೇಳಿಕೊಂಡಿತ್ತು. ದೇಶದಲ್ಲಿ 22 ಲಕ್ಷ ಚಾಲಕರ ಕೊರತೆ ಇದೆ ಎಂದು ಸಚಿವಾಲಯವೂ ಹೇಳಿತು. ಕೌಶಲಕ್ಕೆ ಸಂಬಂಧವಿಲ್ಲದ ವಿದ್ಯಾರ್ಹತೆಯನ್ನು ಬಾಗಿಲಲ್ಲಿ ನಿಲ್ಲಿಸುವುದು ವೃತ್ತಿ ನಿಯಂತ್ರಣದ ಹಳೆಯ ಚಾಳಿ. ಅದನ್ನು ತೆಗೆದದ್ದು ಸರಿಯಾಯಿತು.

ಆದರೆ ಉಳಿದ ಷರತ್ತುಗಳನ್ನು ಅದೇ ಗುಂಪಿಗೆ ಸೇರಿಸಲು ನನಗೆ ಮನಸ್ಸಿಲ್ಲ. ಇಪ್ಪತ್ತು ವಯಸ್ಸು, ಒಂದು ವರ್ಷದ ಅನುಭವ, ಕಣ್ಣಿನ ಪರೀಕ್ಷೆ ಇವು ಗಾಡಿಯ ತೂಕದ ಬಗ್ಗೆ ಅಲ್ಲ. ಹಣ ಕೊಟ್ಟು ಹಿಂದೆ ಕೂತ ಅಪರಿಚಿತರ ಬಗ್ಗೆ. ಪ್ರಯಾಣಿಕ ಚಾಲಕನನ್ನು ಆರಿಸಿರುವುದಿಲ್ಲ, ಅವನ ಕಣ್ಣು ಎಷ್ಟು ಚುರುಕೆಂದು ತಿಳಿಯುವ ದಾರಿಯೂ ಅವನಿಗಿಲ್ಲ. ರಾಜ್ಯ ಅವನ ಪರವಾಗಿ ನೋಡಿರುತ್ತದೆ. ವೈದ್ಯ, ವಕೀಲರ ಪರವಾನಗಿಗೂ ಕೊನೆಗೆ ಇದೇ ಸಮರ್ಥನೆ. ಉಪಯೋಗದ ಮೇಲಿನ ವರ್ಗೀಕರಣ ಸರಕಿನ ಗಾಡಿಯನ್ನೂ ಅನಾವಶ್ಯಕವಾಗಿ ಬಲೆಗೆ ಹಾಕಿಕೊಂಡು ಈ ಕೆಲಸ ಮಾಡುತ್ತಿತ್ತು.

ಟಿಟಿಯನ್ನೇ ತೆಗೆದುಕೊಳ್ಳಿ. ಧರ್ಮಸ್ಥಳ, ಕುಕ್ಕೆಗೆ ಹೋಗುವ ಕುಟುಂಬಗಳು ಬಾಡಿಗೆಗೆ ಹಿಡಿಯುವ ಟೆಂಪೊ ಟ್ರಾವೆಲರ್ ಇಪ್ಪತ್ತಕ್ಕೂ ಹೆಚ್ಚು ಮಂದಿ ಕೂತರೂ 7,500 ಕಿಲೋಗೆ ಬಹಳ ಕೆಳಗೇ ಇರುತ್ತದೆ. ಅದರ ಚಾಲಕ ಪರೀಕ್ಷೆ ಕೊಟ್ಟದ್ದು ಡ್ರೈವಿಂಗ್ ಸ್ಕೂಲಿನ ಸಣ್ಣ ಕಾರಿನಲ್ಲಿ, ಪಕ್ಕದಲ್ಲಿ ಇನ್ನೊಂದು ಬ್ರೇಕು ಇದ್ದ ಕಾರಿನಲ್ಲಿ. ರಿವರ್ಸ್ ತೆಗೆದು, ಏರಿನಲ್ಲಿ ನಿಲ್ಲಿಸಿ ಹಿಂದೆ ಜಾರದಂತೆ ಮುಂದೆ ಹೋಗಿ ಪಾಸಾದವನು. ಮಳೆಗಾಲದ ಶಿರಾಡಿ ಘಾಟಿಯಲ್ಲಿ ರಾತ್ರಿ ತುಂಬಿದ ಟಿಟಿ ಇಳಿಸಲು ಕಾನೂನಿನ ಮಟ್ಟಿಗೆ ಅಷ್ಟೇ ಸಾಕು. ಹಿಂದೆಯೂ ಟ್ರಾನ್ಸ್‌ಪೋರ್ಟ್ ಸಾಲು ಇದ್ದವರೆಲ್ಲ ಘಾಟಿ ಬಲ್ಲವರಾಗಿರಲಿಲ್ಲ, ನಿಜ. ಬಹುಪಾಲು ಆ ಸಾಲು ಏಜೆಂಟರ ಮೂಲಕ ಬಂದ ಕಾಗದವೇ ಆಗಿತ್ತು ಎಂದು ಚಾಲಕರೇ ನಗುತ್ತಾರೆ. ಆದರೂ ಐದು ವರ್ಷಕ್ಕೊಮ್ಮೆ ವೈದ್ಯರ ಮುಂದೆ ನಿಲ್ಲಲೇಬೇಕಿತ್ತು.

ಈ ನವೀಕರಣದ ಪರಿಣಾಮ ಚರ್ಚೆಗೆ ಬಂದೇ ಇಲ್ಲ. 2019ರ ತಿದ್ದುಪಡಿಯ ಪ್ರಕಾರ ಮೂವತ್ತರೊಳಗೆ ಪಡೆದ ಖಾಸಗಿ ಪರವಾನಗಿ ನಲವತ್ತು ತುಂಬುವವರೆಗೆ ನಡೆಯುತ್ತದೆ. ಹದಿನೆಂಟಕ್ಕೆ ಎಲ್‌ಎಂವಿ ಪಡೆದು, ದೇಹಸ್ಥಿತಿಯ ಬಗ್ಗೆ ಸ್ವಯಂ ಘೋಷಣೆ ಬರೆದುಕೊಟ್ಟವನು, ತೀರ್ಪನ್ನು ಅಕ್ಷರಶಃ ಓದಿದರೆ, 22 ವರ್ಷ ಯಾವ ತಪಾಸಣೆಯೂ ಇಲ್ಲದೆ ಟ್ಯಾಕ್ಸಿ ಓಡಿಸಬಹುದು. ನವೀಕರಣದ ಅವಧಿ ‘ಅರ್ಹತೆ’ಯ ವ್ಯಾಪ್ತಿಗೆ ಬರುತ್ತದೋ ಇಲ್ಲವೋ ಎಂದು ವಾದಿಸಲು ಅವಕಾಶವಿದೆ. ಕೋರ್ಟಿಗೆ ಬಂದಿದ್ದ ಪ್ರಶ್ನೆ ವಿಮೆಯದು, ಕಣ್ಣಿನದಲ್ಲ.

ತರಬೇತಿಯ ಕಡೆಯಿಂದ ಪರಿಹಾರ ಬರುವ ಸೂಚನೆಯೂ ಕಾಣದು. 2021ರ ಜುಲೈನಿಂದ ಜಾರಿಯಲ್ಲಿರುವ ಮಾನ್ಯತೆ ಪಡೆದ ತರಬೇತಿ ಕೇಂದ್ರಗಳ ನಿಯಮದಲ್ಲಿ ಲಘು ವಾಹನಕ್ಕೆ ನಾಲ್ಕು ವಾರದೊಳಗೆ 29 ಗಂಟೆ, ಮಧ್ಯಮ ಮತ್ತು ಭಾರೀ ವಾಹನಕ್ಕೆ ಆರು ವಾರದಲ್ಲಿ 38 ಗಂಟೆ. ಅಲ್ಲಿ ಪಾಸಾದರೆ ಆರ್‌ಟಿಒ ಪರೀಕ್ಷೆಯಿಂದ ವಿನಾಯಿತಿ. ಇಲ್ಲೂ ವಿಂಗಡಣೆ ತೂಕದ್ದೇ.

ತೆರವಾದ ಜಾಗಕ್ಕೆ ಈಗಾಗಲೇ ಬೇರೆಯವರು ಬಂದಿದ್ದಾರೆ. ಆ್ಯಪ್ ಟ್ಯಾಕ್ಸಿಗಳಿಗೆ ಕರ್ನಾಟಕ 2016ರಲ್ಲಿ ಮಾಡಿದ ನಿಯಮ ಚಾಲಕನಿಗೆ ಎರಡು ವರ್ಷದ ಚಾಲನಾ ಅನುಭವ ಮತ್ತು ಕನ್ನಡದ ವ್ಯಾವಹಾರಿಕ ಜ್ಞಾನ ಬೇಕೆಂದಿತು. ಕೇಂದ್ರದ 2020ರ ಮಾರ್ಗಸೂಚಿ ಪೊಲೀಸ್ ಪರಿಶೀಲನೆ ಮತ್ತು ಆರಂಭಿಕ ತರಬೇತಿಯ ಹೊಣೆಯನ್ನು ಆ್ಯಪ್ ಕಂಪನಿಗೆ ವಹಿಸಿತು. ಅಂದರೆ ವೃತ್ತಿಯ ಬಾಗಿಲು ಕಾಯುವ ಕೆಲಸ ಆರ್‌ಟಿಒದಿಂದ ಕಂಪನಿಯ ಸರ್ವರ್‌ಗೆ ಹೋಗುತ್ತಿದೆ. ಆರ್‌ಟಿಒ ಡಿಎಲ್ ಅಮಾನತು ಮಾಡಬೇಕಾದರೆ ಕಾರಣ ಕೊಡಬೇಕು, ಚಾಲಕನ ಮಾತು ಕೇಳಬೇಕು, ಮೇಲ್ಮನವಿಗೆ ದಾರಿಯಿರಬೇಕು. ಆ್ಯಪ್‌ನಲ್ಲಿ ಐಡಿ ಬ್ಲಾಕ್ ಆದವನಿಗೆ ಕಾಲ್ ಸೆಂಟರಿನ ಗತಿ. ಇನ್ನು ಆ್ಯಪ್‌ಗೆ ಸೇರದ ಟಿಟಿ, ಮಕ್ಕಳನ್ನು ತುಂಬಿಕೊಂಡು ಹೋಗುವ ಸ್ಕೂಲ್ ವ್ಯಾನು, ಹಳ್ಳಿ ಕಡೆಯ ಮ್ಯಾಕ್ಸಿ ಕ್ಯಾಬ್ ಈ ನಿಯಮಗಳ ವ್ಯಾಪ್ತಿಯಲ್ಲೇ ಇಲ್ಲ.

ಕಾಯ್ದೆಯ ತಿದ್ದುಪಡಿ ಸಿದ್ಧವಾಗುತ್ತಿದೆ ಎಂದು ವಿಚಾರಣೆ ವೇಳೆ ಅಟಾರ್ನಿ ಜನರಲ್ ಕೋರ್ಟಿಗೆ ತಿಳಿಸಿದ್ದರು. ಅದಕ್ಕೆ ಹೊಸ ವರ್ಗ ಹುಟ್ಟಿಸುವ ಅಗತ್ಯವಿಲ್ಲ. ಬಾಡಿಗೆಗೆ ಜನರನ್ನು ಒಯ್ಯುವ ‘ಸಾರ್ವಜನಿಕ ಸೇವಾ ವಾಹನ’ ಮತ್ತು ‘ಶಿಕ್ಷಣ ಸಂಸ್ಥೆಯ ಬಸ್ಸು’ ಎಂಬ ಎರಡು ವ್ಯಾಖ್ಯೆಗಳು 2ನೇ ಕಲಮಿನಲ್ಲಿ ಮೊದಲಿನಿಂದ ಇವೆ. ಚಾಲನೆಯ ಪರೀಕ್ಷೆ ತೂಕದ ಪ್ರಕಾರ ನಡೆಯಲಿ. ವಯಸ್ಸು, ಅನುಭವ, ವೈದ್ಯಕೀಯ ತಪಾಸಣೆ, ಐದು ವರ್ಷದ ನವೀಕರಣ ಈ ನಾಲ್ಕನ್ನು, ತೂಕ ಎಷ್ಟೇ ಇರಲಿ, ಆ ಎರಡು ಬಗೆಯ ವಾಹನಗಳಿಗೆ ಕಟ್ಟಬಹುದು. ಪರವಾನಗಿಯಲ್ಲಿ ಇದಕ್ಕೆಂದು ಸಾಲು ಇಲ್ಲದವನು ಓಡಿಸಿದರೆ ದಂಡ ಮತ್ತು ಅಮಾನತು ಸಾಕು, ವಿಮೆ ಕಂಪನಿಗೆ ಅದು ತಕರಾರಾಗಬಾರದು ಎಂದು ಇನ್ನೊಂದು ಉಪಕಲಂ ಸೇರಿಸಿದರೆ ಮೂವತ್ತು ವರ್ಷದ ವ್ಯಾಜ್ಯ ಮತ್ತೆ ಮೊಳೆಯುವುದಿಲ್ಲ. ಟಾಟಾ ಏಸ್‌ನಲ್ಲಿ ಕೋಲಾರದಿಂದ ಟೊಮೆಟೊ ತರುವವನಿಗೆ ಇದರಿಂದ ಯಾವ ಹೊಸ ಕಟ್ಟುಪಾಡೂ ಬರುವುದಿಲ್ಲ. ಟಿಟಿಯವನು ಐದು ವರ್ಷಕ್ಕೊಮ್ಮೆ ಕಣ್ಣು ತೋರಿಸಿಕೊಂಡು ಬರಬೇಕಾಗುತ್ತದೆ.